ಕಡತ ಓದಲು ಬಾರದ ಎಂ.ಎ.

‘ಶಿಸ್ತಿನ ಶಿವಪ್ಪ ನಾಯಕ’ ಎಂಬ ಹೆಸರು ಯಾಕೆ ಬಂತು ಎಂದು ಕಳೆದ ವರ್ಷ ಪದವಿ ತರಗತಿಯಲ್ಲಿ ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ತುಂಬಾ ಸ್ಟ್ರಿಕ್ಟ್ ಇದ್ದ ಸಾರ್’ ಎಂದ. ಯಾರೂ ನಗಲಿಲ್ಲ. ನನಗೆ ದಿಗಿಲಾದದ್ದು ಅದಕ್ಕೇ. ಇಡೀ ತರಗತಿಗೆ ಅದೇ ಸರಿ ಉತ್ತರ ಅನ್ನಿಸಿತ್ತು.

ಹುಡುಗನ ತಪ್ಪೇನಿಲ್ಲ. ಅವನ ಕೈಯಲ್ಲಿದ್ದ ಗೈಡಿನಲ್ಲಿ ಇದ್ದದ್ದು ಒಂದೇ ಸಾಲು: ಶಿಸ್ತು ಪದ್ಧತಿ ಜಾರಿಗೆ ತಂದವನು ಶಿವಪ್ಪ ನಾಯಕ. ನಾಲ್ಕು ಹೆಸರು ಕೊಟ್ಟು ಒಂದಕ್ಕೆ ಗುರುತು ಹಾಕು ಎನ್ನುವ ಪರೀಕ್ಷೆಗೆ ಅಷ್ಟು ಧಾರಾಳ ಸಾಕು. ಶಿಸ್ತು ಅಂದರೆ ಆ ಕಾಲದಲ್ಲಿ ಜಮೀನಿಗೆ ಕಟ್ಟಿದ ಕಂದಾಯ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. 1645ರಿಂದ 1660ರವರೆಗೆ ಬಿದನೂರಿನಲ್ಲಿ ಆಳಿದ ಈ ಕೆಳದಿ ದೊರೆ ಹನ್ನೆರಡು ವರ್ಷ ಕಾಲ ಬೆಳೆ ತೆಗೆಸಿ, ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು, ಬೇಸಾಯದ ಖರ್ಚೆಷ್ಟು ಎಂದು ಲೆಕ್ಕ ಇಡಿಸಿದ. ಸರಾಸರಿ ತೆಗೆದು ಹುಟ್ಟುವಳಿಯಲ್ಲಿ ಮೂರರಲ್ಲೊಂದು ಪಾಲು ಅರಮನೆಗೆ ಎಂದು ಗೊತ್ತು ಮಾಡಿದ. ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿಟ್ಟ ಕಥೆ ಇದು. ಹದಿನೈದು ವರ್ಷ ಆಳಿದವನು ಅದರಲ್ಲಿ ಹನ್ನೆರಡು ವರ್ಷ ಬರೀ ಪ್ರಯೋಗ ಮಾಡಿಕೊಂಡು ಕೂತಿದ್ದನೇ ಎಂಬ ಅನುಮಾನ ನಿಮಗೆ ಬಂದಿದ್ದರೆ, ನೀವು ಇತಿಹಾಸ ಓದಲು ಲಾಯಕ್ಕಾದವರು. ಆ ಅನುಮಾನ ಬರುವ ಹಾಗೆ ನಾವು ಪಾಠ ಮಾಡುವುದಿಲ್ಲ, ನನ್ನ ತಕರಾರು ಇಷ್ಟೇ.

ಅದೇ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ. ಅಡಿಕೆ ತೋಟ ಅಳೆಯುವುದಕ್ಕೆ ಶಿವಪ್ಪ ನಾಯಕ ಒಂದು ಕೋಲು ಗೊತ್ತು ಮಾಡಿದ. ಅದರ ಉದ್ದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲು ಮೆಟ್ಟಿಲಿನಷ್ಟೇ, ಇಂಗ್ಲಿಷ್ ಲೆಕ್ಕದಲ್ಲಿ 18 ಅಡಿ 6 ಇಂಚು. ದೇವಸ್ಥಾನದ ಮೆಟ್ಟಿಲೇ ಯಾಕೆ? ನನಗೆ ತೋಚುವುದು ಹೀಗೆ: ಮರದ ಕೋಲನ್ನು ಕಚೇರಿಯವನು ರಾತ್ರೋರಾತ್ರಿ ಒಂದು ಗೇಣು ಕೊಯ್ದುಬಿಡಬಹುದು, ಕಲ್ಲು ಮೆಟ್ಟಿಲನ್ನು ಕೊಯ್ಯಲಾಗದು. ಜಗಳ ಬಂದರೆ ಒಕ್ಕಲಿನವನು ಕೋಲು ಹೊತ್ತು ದೇವಸ್ಥಾನಕ್ಕೆ ಹೋಗಿ ಎಲ್ಲರೆದುರು ತಾಳೆ ನೋಡಬಹುದು. ರಾಜ್ಯ ಕಟ್ಟುವುದು ಅಂದರೆ ಇದು. ಕತ್ತಿ ಕುದುರೆಯ ಮಾತು ಆಮೇಲಿನದು.

ನಾನು ಅತ್ತಿಗುಂಡಿಯವನು. ಚಿಕ್ಕಮಗಳೂರಿನಿಂದ ಕೈಮರ ದಾಟಿ ಬಾಬಾಬುಡನ್‌ಗಿರಿಗೆ ಹೋಗುವವರು ನಮ್ಮೂರಿನಲ್ಲಿ ಗಾಡಿ ನಿಲ್ಲಿಸಿ ಬಜ್ಜಿ ತಿಂದಿರುತ್ತೀರಿ. ಎರಡೂವರೆ ಎಕರೆ ಅರೇಬಿಕಾ ಕಾಫಿ ಇದೆ, ಅದರಲ್ಲಿ ಒಂದಿಷ್ಟು ಬಗರ್ ಹುಕುಂ. ವಾರದಲ್ಲಿ ನಾಲ್ಕು ದಿನ ಗುಡ್ಡ ಇಳಿದು ಹೋಗಿ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕ. ವರ್ಷಾನುಗಟ್ಟಲೆ ಇದ್ದರೂ ಅತಿಥಿಯೇ. ಇಂಥ ಅತಿಥಿಗಳು ಈ ರಾಜ್ಯದಲ್ಲಿ ಬಿಟ್ಟರೆ ಇನ್ನೆಲ್ಲಿ ಸಿಗುತ್ತಾರೋ ಕಾಣೆ. ಅದು ಬೇರೆ ಲೇಖನ.

ಬಗರ್ ಹುಕುಂ ಅಂದೆ. ಒಮ್ಮೆ ತಾಲೂಕು ಕಚೇರಿಯೊಂದರ ಬೆಂಚಿನ ಮೇಲೆ ಸಕ್ರಮಕ್ಕಾಗಿ ಫಾರಂ 57ರ ಅರ್ಜಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ನನ್ನ ಕಾಗದಗಳಲ್ಲಿದ್ದ ಮಾತುಗಳನ್ನೇ ಒಂದೊಂದಾಗಿ ಬಿಡಿಸಿ ನೋಡಿದೆ. ಬಗರ್ ಹುಕುಂ: ಅಪ್ಪಣೆಯಿಲ್ಲದೆ ಎಂಬ ಫಾರ್ಸಿ ಕಚೇರಿಯ ಮಾತು. ಖರಾಬು, ಅರ್ಜಿ, ಜಮಾಬಂದಿ, ತಹಶೀಲ್ದಾರ, ಶಿರಸ್ತೇದಾರ, ಎಲ್ಲ ಅದೇ ದಾರಿಯಲ್ಲಿ ಬಂದವು. ಪಹಣಿ ಮರಾಠಿಯದು. ಇದನ್ನೆಲ್ಲ ಒಳಗಿಟ್ಟುಕೊಂಡ ಕಟ್ಟಿಗೆ ಮಾತ್ರ ಅಚ್ಚ ನಮ್ಮ ಹೆಸರು: ಕಡತ. ಬಿಜಾಪುರದ ಆಳ್ವಿಕೆ, ಸಿರಾದಲ್ಲಿ ಕೂತ ಮೊಗಲರ ಸುಬೇದಾರಿಕೆ, ಪೇಶ್ವೆಯ ದಂಡು, ಹೈದರನ ಕಚೇರಿ, ಪೂರ್ಣಯ್ಯನ ಲೆಕ್ಕಪತ್ರ, ಎಲ್ಲ ಒಂದರ ಮೇಲೊಂದು ಪದರವಾಗಿ ನನ್ನ ಎರಡೂವರೆ ಎಕರೆಯ ಮೇಲೆ ಕೂತಿವೆ. ಬೆಂಗಳೂರಿನ ಹೈಕೋರ್ಟ್ ಕಟ್ಟಡದ ಮೇಲೂ ಇಂಥದೇ ಪದರವಿದೆ: ಹಳಬರು ಅದಕ್ಕೆ ಅಠಾರ ಕಚೇರಿ ಎನ್ನುತ್ತಾರೆ. ಹದಿನೆಂಟು ಕಚೇರಿ. 1673ರಿಂದ 1704ರವರೆಗೆ ಮೈಸೂರು ಆಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಯಾಗಿ ಹಂಚಿದರು, ಔರಂಗಜೇಬನಲ್ಲಿಗೆ ರಾಯಭಾರ ಕಳಿಸಿ ನೋಡಿಕೊಂಡ ಮೇಲೆ, ಎಂದು ಮೈಸೂರಿನ ಚರಿತ್ರೆಕಾರರು ಬರೆಯುತ್ತಾರೆ. ಆ ಕಟ್ಟಡದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಕಾನೂನು ವಿದ್ಯಾರ್ಥಿಗೆ ಯಾವ ಹದಿನೆಂಟು ಎಂದು ಕೇಳಿ ನೋಡಿ.

ಶಿವಪ್ಪ ನಾಯಕ, ಚಿಕ್ಕದೇವರಾಜರ ಈ ಕಾಲಕ್ಕೆ ವಿದ್ವಾಂಸರು ‘ಆರಂಭಿಕ ಆಧುನಿಕ’ ಎನ್ನುತ್ತಾರೆ. ಬಾಯಿಗೆ ಒಗ್ಗದ ಮಾತು. ಹೆಸರು ಒಗ್ಗದಿದ್ದರೆ ಹೋಗಲಿ, ಕಾಲವೇ ಪಠ್ಯದಲ್ಲಿ ಒಗ್ಗಿಲ್ಲ. ನಾನು ಓದಿದ್ದೂ ಪಾಠ ಹೇಳುತ್ತಿರುವುದೂ ಒಂದೇ ನಕ್ಷೆಯಲ್ಲಿ: 1565ರಲ್ಲಿ ರಕ್ಕಸತಂಗಡಿಯಲ್ಲಿ ಮಧ್ಯಯುಗ ಮುಗಿಯುತ್ತದೆ, 1761ರಲ್ಲಿ ಹೈದರಾಲಿಯೊಂದಿಗೆ ಆಧುನಿಕ ಕಾಲ ಶುರುವಾಗುತ್ತದೆ. ನಡುವಿನ ಸುಮಾರು 200 ವರ್ಷ ‘ವಿಜಯನಗರೋತ್ತರ ಪಾಳೆಯಗಾರರು’ ಎಂಬ ಒಂದು ಘಟಕದಲ್ಲಿ, ಚಿತ್ರದುರ್ಗ, ತರೀಕೆರೆ, ಯಲಹಂಕ, ಕೆಳದಿ ಎಲ್ಲ ಒಟ್ಟಿಗೆ, ಸಂತೆಯಿಂದ ಮರಳುವ ಜೀಪಿನ ಹಾಗೆ ತುಂಬಿಕೊಂಡು ಹೋಗುತ್ತದೆ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಪಠ್ಯಕ್ರಮ ಎರಡು ಸಲ ಬದಲಾಯಿತು. ಜೀಪು ಅದೇ.

ನನ್ನ ಎಂ.ಎ. ಕಥೆಯನ್ನೂ ಹೇಳಿಬಿಡುತ್ತೇನೆ, ವಿಶ್ವವಿದ್ಯಾಲಯದ ಹೆಸರು ಬೇಡ. ತೊಂಬತ್ತರ ದಶಕದ ಕೊನೆ. ಕೆಳದಿಯ ಆಡಳಿತದ ಮೇಲೆ ಪ್ರಬಂಧ ಬರೆದೆ. ಅಚ್ಚಾದ ನಾಲ್ಕು ಪುಸ್ತಕ ನೋಡಿ ಐದನೆಯದನ್ನು ತಯಾರು ಮಾಡಿದ್ದು ಅಷ್ಟೇ. ಒಂದು ಮೂಲ ದಾಖಲೆಯನ್ನಾದರೂ ಕಣ್ಣಿಂದ ನೋಡಿದ್ದೀಯಾ ಎಂದು ಮೌಖಿಕ ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ. ಒಳ್ಳೆಯ ಅಂಕ ಬಂತು. ಆ ಬೇಸಿಗೆ ಕೊಪ್ಪದ ಕಡೆ ನೆಂಟರ ಮನೆಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಹಳೆಯ ಶಾನುಭೋಗರೊಬ್ಬರಿದ್ದರು. 1963ರಲ್ಲಿ ಶಾನುಭೋಗಿಕೆ ರದ್ದಾದಾಗ ಕೆಲಸ ಕಳೆದುಕೊಂಡವರು. ಇತಿಹಾಸದಲ್ಲಿ ಎಂ.ಎ. ಎಂದು ನೆಂಟರು ನನ್ನನ್ನು ಹೊಗಳಿದ್ದೇ ತಡ, ಅವರು ಅಟ್ಟ ಹತ್ತಿ ಒಂದು ಕಪ್ಪು ಕಟ್ಟು ತಂದು ಮುಂದಿಟ್ಟರು.

ಕಡತವನ್ನು ನಾನು ಅಲ್ಲಿಯವರೆಗೆ ಕಚೇರಿಯ ಫೈಲು ಎಂದೇ ತಿಳಿದಿದ್ದೆ. ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದ ಕಡ್ಡಿಯಲ್ಲಿ ಬರೆಯುತ್ತಿದ್ದ ಕರಿ ಹೊತ್ತಿಗೆ ಅದು. ಬಿಚ್ಚಿದರೆ ಜಗಲಿಯ ಉದ್ದಕ್ಕೂ ಹರಡಿಕೊಂಡಿತು. ಹೊಗೆಯ ವಾಸನೆ. ಕರಿ ನೆಲದ ಮೇಲೆ ಬಿಳಿ ಅಕ್ಷರ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಓಡುವ ಮೋಡಿ ಬರಹ. ‘ಓದಪ್ಪ’ ಎಂದರು. ನನ್ನ ತಾಯಿಭಾಷೆ ಅದು, ನನ್ನ ವಿಷಯ ಅದು, ಒಂದು ಅಕ್ಷರ ಹತ್ತಲಿಲ್ಲ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಕಾಲು, ಅರೆ, ಮುಕ್ಕಾಲು ಎಂದು ಸಣ್ಣ ಸಣ್ಣ ಗೀಟುಗಳನ್ನು ತೋರಿಸಿದರು. ಖಂಡುಗ, ಕೊಳಗ, ವರಹ, ಹಣ, ವೀಸ. ಕಾಲ ಯಾವುದು ಎಂದು ಕೇಳಿದರು. ಸಂವತ್ಸರದ ಹೆಸರು ಇತ್ತಲ್ಲ, ಪಂಚಾಂಗ ನೋಡಿ ಒಂದು ಇಸವಿ ಹೇಳಿದೆ. ‘ಅರವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ ಬರುತ್ತದೆ. ಇದು ಯಾವ ಸುತ್ತಿನದು ಅಂತ ಹೇಗೆ ಹೇಳ್ತೀಯ?’ ಎಂದರು. ಪಟೇಲನ ಹೆಸರು, ನಾಣ್ಯದ ಹೆಸರು, ಕೈಬರಹದ ಅಂದ ನೋಡಿ ಅವರು ಹತ್ತೊಂಬತ್ತನೇ ಶತಮಾನಕ್ಕೆ ತಂದು ನಿಲ್ಲಿಸಿದರು. ಹದಿನೆಂಟು ದಿನ ಅವರ ಜಗಲಿಯಲ್ಲಿ ಕೂತೆ. ಎರಡು ವರ್ಷದ ಎಂ.ಎ.ಗಿಂತ ಹೆಚ್ಚು ಕಲಿತದ್ದು ಅಲ್ಲಿ. ಅವರು ಈಗಿಲ್ಲ. ಆ ಕಡತ ಎಲ್ಲಿ ಹೋಯಿತೋ, ಮಗ ಮನೆ ಮಾರಿ ಬೆಂಗಳೂರಿಗೆ ಹೋದರು.

ಕಡತ ಓದಲು ಬಂದರೆ ಏನಾಗುತ್ತದೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. 1916ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ ಶೃಂಗೇರಿ ಮಠದಲ್ಲಿ ಕಾಗದಗಳ ಕಟ್ಟೊಂದನ್ನು ಬಿಚ್ಚಿದರು. ಟಿಪ್ಪು ಸುಲ್ತಾನ ಮಠದ ಸ್ವಾಮಿಗಳಿಗೆ ಬರೆದ ಸುಮಾರು 30 ಪತ್ರ, ಕನ್ನಡದಲ್ಲಿ. 1791ರಲ್ಲಿ ಮರಾಠ ದಂಡು ಶೃಂಗೇರಿಯನ್ನು ಸೂರೆ ಮಾಡಿದ ಹೊತ್ತಿನವು, ಅದರ ಆಸುಪಾಸಿನವು. ಈಗ ಆ ಪತ್ರಗಳು ಪ್ರತಿ ವರ್ಷ ನವೆಂಬರಿನಲ್ಲಿ ಟೀವಿಗೆ ಬರುತ್ತವೆ. ಒಬ್ಬರು ಒಂದು ಸಾಲು ಹಿಡಿದು ಅವನು ಭಕ್ತ ಎನ್ನುತ್ತಾರೆ, ಇನ್ನೊಬ್ಬರು ಅದೇ ಸಾಲು ಹಿಡಿದು ಅವನು ಕಪಟಿ ಎನ್ನುತ್ತಾರೆ. ಇಬ್ಬರೂ ಪೂರ್ತಿ ಪತ್ರ ಓದಿದಂತೆ ಕಾಣುವುದಿಲ್ಲ. ಪೂರ್ತಿ ಓದಿದರೆ ಕೇಳಬೇಕಾದ ಪ್ರಶ್ನೆಗಳು ಬೇರೆಯೇ. ಮಠಕ್ಕೆ 200 ರಾಹತಿ ನಗದು ಕೊಡು ಎಂಬ ಅಪ್ಪಣೆ ಹೋಗುವುದು ಬಿದನೂರಿನ ಅಸಫನಿಗೆ. ರಾಹತಿ ಅಂದರೇನು? ಹಣ ಎಂಬ ಹಳೆಯ ಚಿನ್ನದ ನಾಣ್ಯಕ್ಕೆ ಟಿಪ್ಪು ಇಟ್ಟ ಹೊಸ ಹೆಸರು. ಅಸಫ ಯಾರು? ಟಿಪ್ಪು ಮಾಡಿದ ಹೊಸ ಪ್ರಾಂತಾಧಿಕಾರಿ. ಶೃಂಗೇರಿಗೆ ಕೊಡಬೇಕಾದ ಹಣ ಬಿದನೂರಿನ ಬೊಕ್ಕಸದಿಂದ ಯಾಕೆ? 1763ರಲ್ಲಿ ಹೈದರ್ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ ಮೇಲೂ ಮಲೆನಾಡಿನ ಲೆಕ್ಕವೆಲ್ಲ ಕೆಳದಿಯವರು ಹಾಕಿದ ಜಾಡಿನಲ್ಲೇ ಓಡುತ್ತಿತ್ತೇ? ಒಬ್ಬ ದೊರೆ ಸೋತರೂ ಅವನ ಕಚೇರಿ ಸೋಲುವುದಿಲ್ಲ ಎಂಬ ಗುಮಾನಿ ಹುಟ್ಟುವುದು ಇಲ್ಲಿ. ರಾಜಕೀಯ ಇತಿಹಾಸದಲ್ಲಿ ನನಗೆ ಇದಕ್ಕಿಂತ ರುಚಿಯಾದ ಪ್ರಶ್ನೆ ಇನ್ನೊಂದಿಲ್ಲ.

ಬರೀ ಕನ್ನಡ ಕಡತ ಓದಿದರೂ ಸಾಲದು. ಬಾಳೆಹೊನ್ನೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಮೆಣಸಿನ ವ್ಯಾಪಾರದ ಮೇಲೆ ಸಂಶೋಧನೆ ಮಾಡಬೇಕೆಂದು ಹೊರಟಳು. ಅಪ್ಪನ ತೋಟದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡಿ ಬೆಳೆದ ಹುಡುಗಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು ಎಂಬಷ್ಟು ಅವಳಿಗೆ ಗೊತ್ತಿತ್ತು. ಮೆಣಸು ಮಾತ್ರವಲ್ಲ, ಗೋವಾದ ಪೋರ್ಚುಗೀಸರು ಹೊಟ್ಟೆ ಹೊರೆದದ್ದೂ ಕರಾವಳಿಯ ನಮ್ಮ ಅಕ್ಕಿಯಿಂದ. ಬಸ್ರೂರು, ಹೊನ್ನಾವರ, ಮಂಗಳೂರಿನಿಂದ ಹೋದ ಅಕ್ಕಿಯ ಲೆಕ್ಕ ಪಣಜಿಯ ಪತ್ರಾಗಾರದಲ್ಲೂ ಲಿಸ್ಬನ್ನಿನಲ್ಲೂ ಇದೆ. ಅದನ್ನು ಓದಿಯೇ ಸಂಜಯ್ ಸುಬ್ರಹ್ಮಣ್ಯಂ ಬಸ್ರೂರಿನ ಅಕ್ಕಿ ವ್ಯಾಪಾರದ ಬಗ್ಗೆ ಬರೆದರು, ಬಿ.ಎಸ್. ಶಾಸ್ತ್ರಿ ಗೋವಾ–ಕೆನರಾ ಸಂಬಂಧದ ಮೇಲೆ ಇಡೀ ಪುಸ್ತಕ ಬರೆದರು. ಹುಡುಗಿಗೆ ಪೋರ್ಚುಗೀಸ್ ಬಾರದು. ಕಲಿಸುವವರೂ ಸಿಗಲಿಲ್ಲ. ‘ವಿಷಯ ಬದಲಾಯಿಸಿಕೋ’ ಎಂದರು. ಈಗ ಅವಳು ಸ್ವಾತಂತ್ರ್ಯ ಹೋರಾಟದಲ್ಲಿ ತನ್ನ ತಾಲೂಕಿನ ಪಾತ್ರ ಎಂಬ ವಿಷಯದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಕೆಟ್ಟ ವಿಷಯವಲ್ಲ. ಆದರೆ ಅವಳ ವಿಷಯವಲ್ಲ.

ಇನ್ನು ಕಾಫಿ. ನಮ್ಮ ಗುಡ್ಡಕ್ಕೆ ಬಂದವರಿಗೆಲ್ಲ ಜೀಪಿನವರು ಹೇಳುತ್ತಾರೆ: 1670ರಲ್ಲಿ ಬಾಬಾ ಬುಡನ್ ಮೋಖಾದಿಂದ ಏಳು ಬೀಜ ತಂದರು. ಹಾಗೆ ಹೇಳುವ ಜೀಪಿನವರಲ್ಲಿ ಒಬ್ಬ ನನ್ನ ಶಿಷ್ಯ, ಇತಿಹಾಸದಲ್ಲಿ ಎಂ.ಎ. ಮಾಡಿದವನು. ‘ಆ 1670 ಎಲ್ಲಿಂದ ಬಂತೋ?’ ಎಂದು ಕೇಳಿದೆ. ‘ಬೋರ್ಡಿನಲ್ಲಿದೆ ಸಾರ್’ ಎಂದ. ಏಳು ಬೀಜದ ನಂಬಿಕೆ ಬೇಡ ಎನ್ನುತ್ತಿಲ್ಲ, ಅದರಿಂದಲೇ ನಾನೂ ಅನ್ನ ತಿನ್ನುತ್ತಿರುವುದು. ಆದರೆ ಆ ಕಥೆಯ ಆಚೆ ಒಂದು ದೊಡ್ಡ ಲೋಕವಿದೆ. 1630ರ ದಶಕದಲ್ಲಿ ಯೆಮೆನಿನ ಇಮಾಮರು ಆಟೊಮನ್ ತುರ್ಕರನ್ನು ಹೊರಗಟ್ಟಿ ಮೋಖಾ ಬಂದರನ್ನು ತಮ್ಮ ಕೈಗೆ ತೆಗೆದುಕೊಂಡರು. 1690ರ ದಶಕದ ಕೊನೆಗೆ ಡಚ್ಚರು ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಸಾಗಿಸಿದರು. ಮೊದಲ ಸಸಿಗಳು ಪ್ರವಾಹದಲ್ಲಿ ಕೊಚ್ಚಿಹೋಗಿ 1699ರಲ್ಲಿ ಮತ್ತೆ ಕಳಿಸಬೇಕಾಯಿತು. ಅಂದರೆ ಆ ಹೊತ್ತಿಗಾಗಲೇ ಈ ಕಡೆಯ ಕರಾವಳಿಯಲ್ಲಿ ಗಿಡ ಇತ್ತು. ಗುಡ್ಡಕ್ಕೂ ಕರಾವಳಿಗೂ ಏನು ನಂಟು, ನಡುವೆ ಯಾವ ನಾಯಕನ ಸುಂಕದ ಉಕ್ಕಡ? ಇದು ನನ್ನ ಶಿಷ್ಯ ಮಾಡಬಹುದಾಗಿದ್ದ ಸಂಶೋಧನೆ. ಅವನು ಗಾಳಿಕೆರೆಗೆ ಟ್ರಿಪ್ ಹೊಡೆಯುತ್ತಾನೆ. ನನಗಿಂತ ಚೆನ್ನಾಗಿ ದುಡಿಯುತ್ತಾನೆ, ಅದನ್ನೂ ಹೇಳಬೇಕು.

ಡಿಸೆಂಬರ್ ಬಂದರೆ ಅವನ ಜೀಪೂ ನಿಲ್ಲುತ್ತದೆ. ದತ್ತ ಜಯಂತಿಯ ದಿನಗಳಲ್ಲಿ ಪ್ರವಾಸಿಗರಿಗೆ ಗಿರಿ ಬಂದ್, ತಿರುವು ತಿರುವಿಗೆ ಪೊಲೀಸು, ಹಣ್ಣು ಕೊಯ್ಲಿನ ಕಾಲವೇ ಅದು. ಗಿರಿಯ ಮೇಲಿನ ಗುಹೆ ಯಾರದು ಎಂಬ ವ್ಯಾಜ್ಯ ದಶಕಗಳಿಂದ ನ್ಯಾಯಾಲಯದಲ್ಲಿದೆ, ಅದಕ್ಕೆ ನಾನು ಇಲ್ಲಿ ತೀರ್ಪು ಕೊಡಹೊರಟಿಲ್ಲ. ಆದರೆ ಇಂಥ ವ್ಯಾಜ್ಯಗಳೆಲ್ಲ ಕೊನೆಗೆ ನಿಲ್ಲುವುದು ಹಳೆಯ ಸನ್ನದು, ಇನಾಮು, ಕಂದಾಯದ ಕಾಗದಗಳ ಮೇಲೆ. ಆ ಕಾಗದ ಓದಬಲ್ಲವರು ಕೈಬೆರಳೆಣಿಕೆ. ಓದದೆಯೇ ಕೂಗಬಲ್ಲವರಿಗೆ ಲೆಕ್ಕವಿಲ್ಲ. ಓದುವವರನ್ನು ತಯಾರು ಮಾಡುವುದು ವಿಶ್ವವಿದ್ಯಾಲಯದ ಕೆಲಸ. ಅದು ಮಾಡದಿದ್ದರೆ ವಾಟ್ಸಾಪು ಮಾಡುತ್ತದೆ, ಮಾಡುತ್ತಿದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಇತಿಹಾಸದ ಎಂ.ಎ.ಯಲ್ಲಿ ಒಂದು ಪತ್ರಿಕೆ, ಒಂದೇ ಒಂದು, ಪುಸ್ತಕವಿಲ್ಲದ್ದು ಇರಲಿ. ಒಂದು ಸೆಮಿಸ್ಟರ್ ಪೂರ್ತಿ ವಿದ್ಯಾರ್ಥಿ ಹತ್ತು ದಾಖಲೆ ಓದಲಿ. ಕಡತದ ಎರಡು ಮಡಿಕೆ, ಎಪಿಗ್ರಾಫಿಯಾ ಕರ್ನಾಟಿಕಾದ ಅಂದಿನ ಕಡೂರು ಜಿಲ್ಲೆಯ ಸಂಪುಟದಿಂದ ತನ್ನೂರಿನ ಹತ್ತಿರದ ಒಂದು ಶಾಸನ, ಊರಿನ ಚರಿತ್ರೆ ಹೇಳುವ ಒಂದು ಕೈಫಿಯತ್ತು, ಬುಕನನ್ 1800–01ರಲ್ಲಿ ಈ ಸೀಮೆಯಲ್ಲಿ ತಿರುಗಿ ಬರೆದ ಎರಡು ಪುಟ. ಪರೀಕ್ಷೆಯಲ್ಲಿ ಅವನು ಹಿಂದೆ ಕಾಣದ ಒಂದು ಹಾಳೆ ಕೊಡಿ. ಇದು ಯಾವ ಕಾಲದ್ದು, ಯಾರು ಯಾರಿಗೆ ಬರೆದದ್ದು, ಎಷ್ಟು ನಂಬಬಹುದು, ಯಾಕೆ? ಮೂರು ಗಂಟೆ. ಗೈಡು ಬರೆಯುವವರ ಹೊಟ್ಟೆಗೆ ಏಟು ಬೀಳುತ್ತದೆ, ನಿಜ.

ದಾಖಲೆ ಇಲ್ಲ ಎನ್ನುವಂತಿಲ್ಲ. ಎಂ.ಎಂ. ಕಲಬುರ್ಗಿ ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲೇ ಅಚ್ಚು ಹಾಕಿದೆ. ಕೆಳದಿ ಗುಂಡಾ ಜೋಯಿಸರು ಕೆಳದಿಯಲ್ಲಿ ಕಟ್ಟಿದ ವಸ್ತುಸಂಗ್ರಹಾಲಯದಲ್ಲಿ ಓಲೆಗರಿ, ಕಡತ, ಕಾಗದ ಕೂಡಿಟ್ಟಿದ್ದಾರೆ. ಶೃಂಗೇರಿ ಮಠದ ದಾಖಲೆಗಳನ್ನು ಎ.ಕೆ. ಶಾಸ್ತ್ರಿ ಹೊರತಂದಿದ್ದಾರೆ. ಒಬ್ಬೊಬ್ಬರೇ ಕೂತು ಮಾಡಿದ ಕೆಲಸಗಳು ಇವು. ಅವರ ಹಿಂದೆ ಬರಬೇಕಾದ ಮಕ್ಕಳನ್ನು ನಾವು ಹುಟ್ಟಿಸಲಿಲ್ಲ.

‘ಇದರಿಂದ ಕೆಲಸ ಸಿಗುತ್ತದಾ?’ ಎಂದು ಕೇಳುವ ತಂದೆತಾಯಿಗಳ ಮುಖ ನನಗೆ ಗೊತ್ತಿದೆ. ಈಗಿನ ಎಂ.ಎ.ಯಿಂದಲೂ ಸಿಗುತ್ತಿಲ್ಲವಲ್ಲ. ಹಳೆಯ ಕಾಗದ ಓದಬಲ್ಲವನಿಗೆ ಪತ್ರಾಗಾರದಲ್ಲಿ, ಭೂ ದಾಖಲೆಯ ಕೆಲಸದಲ್ಲಿ, ವಕೀಲರ ಕಚೇರಿಯಲ್ಲಿ ಒಂದು ಕುರ್ಚಿಯಾದರೂ ಹುಟ್ಟೀತು. ಹುಟ್ಟದಿದ್ದರೂ, ಶಿವಪ್ಪ ನಾಯಕ ಸ್ಟ್ರಿಕ್ಟ್ ಇದ್ದ ಎಂದು ನಾಳೆ ತನ್ನ ಮಕ್ಕಳಿಗೆ ಹೇಳಲಾರ.

ಮಲೆನಾಡಿನ ಹಳೆ ಮನೆಗಳವರಲ್ಲಿ ಒಂದು ಮಾತು. ಮನೆ ಕೆಡವುವಾಗ, ಹೋಂಸ್ಟೇ ಮಾಡುವಾಗ ಅಟ್ಟದಲ್ಲಿ ಕರಿ ಬಟ್ಟೆಯ ಕಟ್ಟು ಸಿಕ್ಕಿದರೆ ಹಂಡೆ ಒಲೆಗೆ ಹಾಕಬೇಡಿ, ನೀರಿನಲ್ಲಿ ಒರೆಸಬೇಡಿ, ಬಳಪ ಅಳಿಸಿಹೋಗುತ್ತದೆ. ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟರಿಗೆ ತೋರಿಸಿ. ಅವರಿಗೆ ಓದಲು ಬಾರದಿದ್ದರೆ ನಾಚಿಕೆಯಾದರೂ ಆಗಲಿ, ನನಗಾದ ಹಾಗೆ. ಮುಂದಿನ ಸಲ ಪಠ್ಯಕ್ರಮ ಸಮಿತಿ ಕೂತಾಗ ಸದಸ್ಯರು ಈ ಒಂದು ಪತ್ರಿಕೆಯನ್ನು ಸೇರಿಸಲಿ. ಪಾಠ ಹೇಳುವವರಿಲ್ಲ ಎಂಬ ನೆಪ ಬೇಡ. ನಾನು ಬೆಳಗಿನ ಬಸ್ಸಿಗೆ ಗುಡ್ಡ ಇಳಿದು ಬರುತ್ತೇನೆ, ಅತಿಥಿಯಾಗಿಯೇ.